ಸ್ಪೀಕರಿನ ಬೆನ್ನ ಮೇಲಿನ ‘8 ಓಮ್’: ಇಂಪೀಡೆನ್ಸ್ ಅಳೆದು ಪೆಟ್ಟಿಗೆ ಕಟ್ಟುವ ಬಗೆ

ಮನೆಯಲ್ಲೇ ಸ್ಪೀಕರ್ ಕಟ್ಟಲು ಹೊರಟವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು ಮೂರು. ‘ವೂಫರ್ ಮೇಲೆ 8 ಓಮ್ ಅಂತ ಬರೆದಿದೆ, ಮೀಟರ್ ಹಿಡಿದರೆ 5.8 ತೋರಿಸುತ್ತೆ. ಹಾಳಾಗಿದೆಯಾ?’ ‘8 ಓಮಿನ ವೂಫರ್, 8 ಓಮಿನ ಟ್ವೀಟರ್ ಎರಡನ್ನೂ ಜೋಡಿಸಿದರೆ 4 ಓಮ್ ಆಗಿ ಆಂಪ್ ಸುಟ್ಟುಹೋಗುತ್ತಾ?’ ‘ಸೂತ್ರ ಹಾಕಿಯೇ ಕ್ರಾಸ್‌ಓವರ್ ಮಾಡಿದೆ, ಆದರೂ ದನಿ ಚುಚ್ಚುತ್ತೆ. ಯಾಕೆ?’

ವೂಫರ್ ಎಂದರೆ ತಗ್ಗು ಸ್ವರಗಳ ಸ್ಪೀಕರ್, ಟ್ವೀಟರ್ ಎಂದರೆ ಮೇಲಿನ ಸ್ವರಗಳದ್ದು, ಸ್ವರಗಳನ್ನು ಇವೆರಡಕ್ಕೂ ಹಂಚಿಕೊಡುವ ಸರ್ಕ್ಯೂಟೇ ಕ್ರಾಸ್‌ಓವರ್, ಆಂಪ್ ಎಂದರೆ ಆಂಪ್ಲಿಫೈಯರ್. ಮೊದಲೆರಡಕ್ಕೆ ಉತ್ತರ ‘ಇಲ್ಲ’. ಮೂರನೆಯದಕ್ಕೆ ಈ ಇಡೀ ಲೇಖನವೇ ಉತ್ತರ. ಮೂರೂ ಹುಟ್ಟುವುದು ಒಂದೇ ತಪ್ಪು ತಿಳಿವಳಿಕೆಯಿಂದ. 8 ಓಮ್ ಅನ್ನುವುದು ಸ್ಪೀಕರಿನ ಅಡ್ಡಹೆಸರು, ಅದರ ಅಳತೆಯಲ್ಲ. ನಿಜವಾದ ಇಂಪೀಡೆನ್ಸ್, ಅಂದರೆ ಎಸಿ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ, ಒಂದು ಸಂಖ್ಯೆಯೇ ಅಲ್ಲ. ಅದು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಏರಿಳಿಯುತ್ತಾ ಹೋಗುವ ಒಂದು ಗೆರೆ. ಆ ಗೆರೆಯನ್ನು ನೀವೇ ಅಳೆದು ಬರೆದುಕೊಳ್ಳುವುದು ಹೇಗೆ, ಬರೆದ ಮೇಲೆ ಅದರಿಂದ ಏನೇನು ಕೆಲಸ ತೆಗೆಯಬಹುದು ಎಂಬುದನ್ನು ಹಂತ ಹಂತವಾಗಿ ನೋಡೋಣ.

ಕೈಗೆ ಬೇಕಾದವು

ಎಸಿ ವೋಲ್ಟೇಜನ್ನು ಮಿಲಿವೋಲ್ಟ್ ಮಟ್ಟದಲ್ಲಿ ತೋರಿಸುವ ಮಲ್ಟಿಮೀಟರ್ ಬೇಕು. ಇಲ್ಲೇ ಹಲವರು ಎಡವುತ್ತಾರೆ. ಅಗ್ಗದ ಮೀಟರುಗಳಲ್ಲಿ ಎಸಿಗೆ 200 ವೋಲ್ಟ್ ಮತ್ತು 750 ವೋಲ್ಟ್ ಎಂಬ ಎರಡೇ ರೇಂಜ್ ಇರುತ್ತವೆ, ಅವು 0.1 ವೋಲ್ಟ್‌ಗಿಂತ ಸಣ್ಣದನ್ನು ಕಾಣುವುದೇ ಇಲ್ಲ. ನಮ್ಮ ಕೆಲಸ ನಡೆಯುವುದೇ 0.1 ರಿಂದ 0.5 ವೋಲ್ಟ್ ನಡುವೆ. 2 ವೋಲ್ಟಿನ ಎಸಿ ರೇಂಜ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಜೊತೆಗೆ 10 ಓಮಿನ, 1 ಶೇಕಡಾ ನಿಖರತೆಯ ಒಂದು ರೆಸಿಸ್ಟರ್, ಪರೀಕ್ಷೆಗೆಂದು 8.2 ಓಮಿನ ಇನ್ನೊಂದು, ಯಾವುದಾದರೂ ಸಣ್ಣ ಆಂಪ್ಲಿಫೈಯರ್, ಬೇಕಾದ ಫ್ರೀಕ್ವೆನ್ಸಿಯ ಸ್ವರ ಹೊರಡಿಸುವ ಟೋನ್ ಜನರೇಟರ್ ಆಪ್ ಇರುವ ಫೋನ್ ಅಥವಾ ಕಂಪ್ಯೂಟರ್, ಕ್ರಾಕಡೈಲ್ ಕ್ಲಿಪ್ಪುಗಳು, ಒಂದು ಗ್ರಾಫ್ ಹಾಳೆ. ಗ್ರಾಫ್ ಹಾಳೆಯ ಬದಲು ಸ್ಪ್ರೆಡ್‌ಶೀಟ್ ಆದರೂ ನಡೆಯುತ್ತದೆ. ಆದರೆ ಮೊದಲ ಡ್ರೈವರನ್ನು ಕೈಯಲ್ಲೇ ಗುರುತು ಹಾಕಿ ನೋಡಿ ಎಂಬುದು ನನ್ನ ಸಲಹೆ. ಗೆರೆಯಲ್ಲಿ ಬರುವ ಸೂಜಿಮೊನೆಯಂಥ ಏರು ಪೆನ್ಸಿಲ್ ಕೆಳಗೆ ಮೂಡುವಾಗ ವಿಷಯ ತಲೆಗೆ ಹತ್ತುವಷ್ಟು ಬೇರೆ ಹೇಗೂ ಹತ್ತುವುದಿಲ್ಲ.

ಹಂತ 1: ಮೊದಲು ಬರಿಯ ಮೀಟರ್ ಹಿಡಿಯಿರಿ

ಡ್ರೈವರ್ ಅಂದರೆ ಪೆಟ್ಟಿಗೆಯಿಲ್ಲದ ಬಿಡಿ ಸ್ಪೀಕರ್. ವೂಫರ್, ಟ್ವೀಟರ್ ಎರಡೂ ಡ್ರೈವರುಗಳೇ. ಅದರ ಎರಡು ತುದಿಗಳಿಗೆ ಮೀಟರನ್ನು ಓಮ್ ರೇಂಜಿನಲ್ಲಿ ಹಿಡಿದಾಗ ಸಿಗುವುದು ವಾಯ್ಸ್ ಕಾಯಿಲ್‌ನ, ಅಂದರೆ ಅಲುಗಿ ದನಿ ಹೊರಡಿಸುವ ಬಟ್ಟಲಿನಂಥ ಕೋನಿಗೆ ಅಂಟಿಕೊಂಡಿರುವ ತಂತಿಸುರುಳಿಯ, ಬರಿಯ ತಾಮ್ರದ ರೋಧ. ಇದಕ್ಕೆ ಡಿಸಿ ರೆಸಿಸ್ಟೆನ್ಸ್ ಎನ್ನುತ್ತಾರೆ. 8 ಓಮ್ ಎನಿಸಿಕೊಂಡ ಡ್ರೈವರಿನಲ್ಲಿ ಇದು ಸಾಮಾನ್ಯವಾಗಿ 5.5 ರಿಂದ 6.5 ಓಮ್, 4 ಓಮಿನದರಲ್ಲಿ 3.2 ರಿಂದ 3.6ರ ಆಸುಪಾಸು. ಹಾಗಾಗಿ 5.8 ಕಂಡರೆ ಡ್ರೈವರ್ ಆರೋಗ್ಯವಾಗಿದೆ ಎಂದೇ ಅರ್ಥ.

ಮೀಟರಿನ ಎರಡು ಮುಳ್ಳುಗಳನ್ನು ಒಂದಕ್ಕೊಂದು ತಾಗಿಸಿ ಬರುವ ಸಂಖ್ಯೆಯನ್ನು ಕಳೆಯುವುದನ್ನು ಮರೆಯಬೇಡಿ. ವೈರಿನದೇ 0.2 ಅಥವಾ 0.3 ಓಮ್ ಇರುತ್ತದೆ. ಆರರಲ್ಲಿ 0.3 ಎಂದರೆ ಐದು ಶೇಕಡಾ ತಪ್ಪು.

ಹಾಗಾದರೆ 8 ಎಲ್ಲಿಂದ ಬಂತು? ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60268-5ರ ಪ್ರಕಾರ, ಡ್ರೈವರ್ ಕೆಲಸ ಮಾಡುವ ಫ್ರೀಕ್ವೆನ್ಸಿಗಳಲ್ಲಿ ಇಂಪೀಡೆನ್ಸ್ ಘೋಷಿತ ಸಂಖ್ಯೆಯ 80 ಶೇಕಡಾಕ್ಕಿಂತ ಕೆಳಗೆ ಇಳಿಯಕೂಡದು. 8 ಓಮ್ ಎಂದು ಹಾಕಬೇಕಾದರೆ ತಳ 6.4ಕ್ಕಿಂತ ಕಡಿಮೆಯಿರಬಾರದು, 4 ಎಂದು ಹಾಕಬೇಕಾದರೆ 3.2. ಅಂದರೆ ಲೇಬಲ್ ಹೇಳುವುದು ‘ಇದಕ್ಕಿಂತ ಬಹಳ ಕೆಳಗೆ ಹೋಗುವುದಿಲ್ಲ’ ಎಂಬ ಭರವಸೆಯನ್ನು ಮಾತ್ರ. ಎಲ್ಲ ತಯಾರಕರೂ ಈ ಭರವಸೆಯನ್ನು ಅಷ್ಟೊಂದು ಶ್ರದ್ಧೆಯಿಂದ ಪಾಲಿಸುತ್ತಾರೆ ಎಂದುಕೊಳ್ಳಬೇಡಿ.

ಹಂತ 2: ಗೆರೆಯ ಆಕಾರ ಗೊತ್ತುಮಾಡಿಕೊಳ್ಳಿ

ಇಂಪೀಡೆನ್ಸ್ ಎಂದರೆ ಎಸಿ ಕರೆಂಟಿಗೆ ಸಿಗುವ ಒಟ್ಟು ತಡೆ. ತಾಮ್ರದ ರೋಧ ಅದರ ಒಂದು ಭಾಗವಷ್ಟೇ, ಇನ್ನೆರಡು ಬಾಬತ್ತು ಅದಕ್ಕೆ ಸೇರಿಕೊಳ್ಳುತ್ತವೆ.

ಮೊದಲನೆಯದು ಚಲನೆಯಿಂದ ಹುಟ್ಟುವುದು. ವಾಯ್ಸ್ ಕಾಯಿಲ್ ಅಯಸ್ಕಾಂತದ ನಡುವೆ ಓಡಾಡುತ್ತಿರುವುದರಿಂದ ಅದು ತಾನೇ ಒಂದು ಡೈನಮೊ ಆಗಿ, ಬರುವ ವೋಲ್ಟೇಜಿಗೆ ಎದುರಾಗಿ ತನ್ನದೊಂದು ವೋಲ್ಟೇಜ್ ಹುಟ್ಟಿಸುತ್ತದೆ. ಕೋನಿನ ತೂಕ ಮತ್ತು ಅದನ್ನು ಹಿಡಿದಿರುವ ಅಂಚಿನ ಬಿಗುವು ಸೇರಿ ಒಂದು ನಿರ್ದಿಷ್ಟ ಫ್ರೀಕ್ವೆನ್ಸಿಯಲ್ಲಿ ಕೋನ್ ಉಯ್ಯಾಲೆಯ ಹಾಗೆ ಸಲೀಸಾಗಿ ಆಡುತ್ತದೆ. ಅದೇ ಅನುರಣನ, ರೆಸೊನೆನ್ಸ್. ಅಲ್ಲಿ ಎದುರು ವೋಲ್ಟೇಜ್ ಅತಿ ಹೆಚ್ಚು, ಕರೆಂಟು ಅತಿ ಕಡಿಮೆ. 8 ಓಮಿನ ವೂಫರ್ ಅಲ್ಲಿ 30, 40, ಕೆಲವೊಮ್ಮೆ ಅದಕ್ಕೂ ಹೆಚ್ಚು ಓಮ್ ತೋರಿಸುತ್ತದೆ.

ಎರಡನೆಯದು ಇಂಡಕ್ಟೆನ್ಸ್. ಸುರುಳಿ ಸುತ್ತಿದ ತಂತಿ ಯಾವುದೇ ಆಗಲಿ, ಫ್ರೀಕ್ವೆನ್ಸಿ ಏರಿದಷ್ಟೂ ಹೆಚ್ಚು ತಡೆ ಒಡ್ಡುತ್ತದೆ. 0.5 ಮಿಲಿಹೆನ್ರಿಯ ಆದರ್ಶ ಸುರುಳಿ 1,000 ಹರ್ಟ್ಸ್‌ನಲ್ಲಿ 3 ಓಮ್ ಚಿಲ್ಲರೆ, 10,000 ಹರ್ಟ್ಸ್‌ನಲ್ಲಿ 31 ಓಮ್.

ಹಾಗಾಗಿ ವೂಫರಿನ ಗೆರೆ ಎಡಗಡೆ ಒಂದು ಚೂಪು ಬೆಟ್ಟ, ಅದರ ಬಲಕ್ಕೆ ಸಾಮಾನ್ಯವಾಗಿ 200 ರಿಂದ 400 ಹರ್ಟ್ಸ್ ನಡುವೆ ಒಂದು ಕಣಿವೆ, ಆಮೇಲೆ ಬಲತುದಿಯವರೆಗೂ ನಿಧಾನ ಏರು. ಆ ಕಣಿವೆಯ ತಳ ಬರಿಯ ತಾಮ್ರದ ರೋಧಕ್ಕಿಂತ ತುಸು ಮೇಲಿರುತ್ತದೆ. ಲೇಬಲ್ಲಿನ 8ಕ್ಕೆ ಸಂಬಂಧ ಇರುವುದು ಆ ತಳದ ಜೊತೆ.

ಹಂತ 3: ಅಳೆಯಿರಿ

ಆಂಪಿನ ಪ್ಲಸ್ ತುದಿಯಿಂದ 10 ಓಮ್ ರೆಸಿಸ್ಟರ್, ರೆಸಿಸ್ಟರಿನ ಇನ್ನೊಂದು ತುದಿಯಿಂದ ಡ್ರೈವರಿನ ಪ್ಲಸ್, ಡ್ರೈವರಿನ ಮೈನಸ್‌ನಿಂದ ಆಂಪಿನ ಮೈನಸ್. ಒಂದೇ ಸಾಲು. ಎರಡರಲ್ಲೂ ಹರಿಯುವುದು ಒಂದೇ ಕರೆಂಟು ಆದ್ದರಿಂದ ಲೆಕ್ಕ ಸುಲಭ:

ಇಂಪೀಡೆನ್ಸ್ = 10 × (ಡ್ರೈವರಿನ ಮೇಲಿನ ವೋಲ್ಟೇಜ್ ÷ ರೆಸಿಸ್ಟರಿನ ಮೇಲಿನ ವೋಲ್ಟೇಜ್)

ಡ್ರೈವರ್ ಹಾಕುವ ಮೊದಲು ಅದರ ಜಾಗದಲ್ಲಿ 8.2 ಓಮಿನ ರೆಸಿಸ್ಟರ್ ಹಾಕಿ 50, 500, 5,000 ಹರ್ಟ್ಸ್‌ಗಳಲ್ಲಿ ಅಳೆಯಿರಿ. ಮೂರು ಕಡೆಯೂ 8.2ರ ಹತ್ತಿರ ಬಂದರೆ ನಿಮ್ಮ ಸಲಕರಣೆ ನಂಬಬಹುದಾದದ್ದು. ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಮೀಟರುಗಳು ಕಡಿಮೆ ತೋರಿಸುವುದುಂಟು. ಆದರೆ ನಾವು ತೆಗೆಯುವುದು ಅನುಪಾತ. ಎರಡೂ ಅಳತೆಗೆ ಅದೇ ಮೀಟರ್, ಅದೇ ರೇಂಜ್ ಬಳಸಿದರೆ ಆ ತಪ್ಪು ಬಹುಮಟ್ಟಿಗೆ ತಾನೇ ವಜಾ ಆಗುತ್ತದೆ. ಆಟೋ ರೇಂಜ್ ಇದ್ದರೆ ಅದನ್ನು ನಿಲ್ಲಿಸಿ.

ಈಗ ಡ್ರೈವರ್. ಅದನ್ನು ಮೇಜಿನ ಮೇಲೆ ಬೋರಲಾಗಿ ಮಲಗಿಸಬೇಡಿ. ಕೋನಿನ ಮುಂದೆ ಗಾಳಿ ಸಿಕ್ಕಿಬಿದ್ದು ಅನುರಣನ ಜರುಗಿಬಿಡುತ್ತದೆ. ಅಯಸ್ಕಾಂತದ ಹಿಂಬದಿ ಗಾಳಿರಂಧ್ರ ಇದ್ದರೆ ಅದೂ ಮುಚ್ಚಬಾರದು. ನೆಟ್ಟಗೆ ನಿಲ್ಲಿಸಿ ಅಲುಗದಂತೆ ಹಿಡಿದುಕೊಳ್ಳುವ ವ್ಯವಸ್ಥೆ ಮಾಡಿ. ಆಂಪಿನ ವಾಲ್ಯೂಮನ್ನು ಅರ್ಧ ವೋಲ್ಟ್ ಬರುವಷ್ಟಕ್ಕೆ ಇಟ್ಟು ಮುಟ್ಟದೆ ಬಿಡಿ.

ಟ್ವೀಟರ್ ಆದರೆ 300 ಹರ್ಟ್ಸ್‌ಗಿಂತ ಕೆಳಗೆ ಹೋಗುವ ಅಗತ್ಯವೇ ಇಲ್ಲ. ಜನರೇಟರಿನಲ್ಲಿ ಕೈತಪ್ಪಿ 3,000ದ ಬದಲು 30 ಒತ್ತಿ, ವಾಲ್ಯೂಮೂ ಜೋರಾಗಿದ್ದರೆ ಸೂಕ್ಷ್ಮ ಕಾಯಿಲ್ ಕಥೆ ಮುಗಿದಂತೆ.

ಒಂದು 6.5 ಇಂಚಿನ ವೂಫರ್ ಉದಾಹರಣೆ ಹಿಡಿಯೋಣ. ಡಿಸಿ ರೆಸಿಸ್ಟೆನ್ಸ್ 5.8 ಓಮ್, ಆಂಪಿನಿಂದ 0.5 ವೋಲ್ಟ್. ಫ್ರೀಕ್ವೆನ್ಸಿಯನ್ನು 20ರಿಂದ ಮೇಲಕ್ಕೆ ಏರಿಸುತ್ತಾ ಹೋಗಿ. ರೆಸಿಸ್ಟರಿನ ಮೇಲಿನ ವೋಲ್ಟೇಜ್ ಇಳಿಯುತ್ತಾ ಬಂದು 42 ಹರ್ಟ್ಸ್‌ನಲ್ಲಿ ಅತಿ ಕಡಿಮೆ, 0.104 ಆಯಿತು, ಡ್ರೈವರಿನ ಮೇಲೆ 0.396. ಭಾಗಿಸಿ ಹತ್ತರಿಂದ ಗುಣಿಸಿದರೆ 38 ಓಮ್. ಇದು ಬೆಟ್ಟದ ತುದಿ. 250 ಹರ್ಟ್ಸ್‌ನಲ್ಲಿ ರೆಸಿಸ್ಟರಿನ ಮೇಲೆ 0.301, ಡ್ರೈವರಿನ ಮೇಲೆ 0.199, ಅಂದರೆ 6.6 ಓಮ್, ಕಣಿವೆಯ ತಳ. 3,000 ಹರ್ಟ್ಸ್‌ನಲ್ಲಿ 0.225 ಮತ್ತು 0.315, 14 ಓಮ್.

ಈಗ ಒಂದು ತಮಾಷೆ ಗಮನಿಸಿ. ಮೊದಲೆರಡು ಕಡೆ ಎರಡೂ ವೋಲ್ಟೇಜ್ ಕೂಡಿಸಿದರೆ ಸರಿಯಾಗಿ 0.5 ಬರುತ್ತದೆ. ಮೂರನೆಯ ಕಡೆ 0.54. ಆಂಪ್ ಕೊಟ್ಟದ್ದು 0.5, ಸಿಕ್ಕಿದ್ದು 0.54! ಮೀಟರ್ ಕೆಟ್ಟಿಲ್ಲ. ಇದೇ ಫೇಸ್, ಅಂದರೆ ವೋಲ್ಟೇಜಿಗೂ ಕರೆಂಟಿಗೂ ನಡುವಿನ ಹೊತ್ತಿನ ವ್ಯತ್ಯಾಸ. ರೆಸಿಸ್ಟರಿನ ವೋಲ್ಟೇಜ್ ತುದಿ ಮುಟ್ಟುವ ಹೊತ್ತಿಗೆ ಡ್ರೈವರಿನದು ಆಗಲೇ ತುದಿ ದಾಟಿರುತ್ತದೆ. ಬೇರೆ ಬೇರೆ ಹೊತ್ತಿನ ಎರಡು ತುದಿಗಳನ್ನು ನಾವು ಒಟ್ಟಿಗೆ ಕೂಡಿಸಿದ್ದೇವೆ. ಬೆಟ್ಟದ ತುದಿಯಲ್ಲೂ ಕಣಿವೆಯ ತಳದಲ್ಲೂ ಫೇಸ್ ಹೆಚ್ಚುಕಡಿಮೆ ಸೊನ್ನೆ, ಆದ್ದರಿಂದ ಅಲ್ಲಿ ಲೆಕ್ಕ ಕೂಡಿತು. ಇಳಿಜಾರು ಕಡಿದಾಗಿರುವ ಕಡೆ ಫೇಸ್ ಹೆಚ್ಚು. ಇದು ಕಡೆಯ ಹಂತದಲ್ಲಿ ಆಂಪ್ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಎಷ್ಟು ಬಿಂದು ಅಳೆಯಬೇಕು? ಬೆಟ್ಟದ ಸುತ್ತ ಒಂದೊಂದೇ ಹರ್ಟ್ಸ್, 20 ರಿಂದ 200ರ ಉಳಿದ ಭಾಗದಲ್ಲಿ ಐದೈದು, ಆಮೇಲೆ 300, 500, 800, 1,000, 2,000, 3,000, 5,000, 10,000, 20,000 ಸಾಕು. ಅರ್ಧ ಗಂಟೆಯ ಕೆಲಸ.

ಕಂಪ್ಯೂಟರಿನಲ್ಲೇ ಮಾಡುವವರಿಗೆ ರೂಮ್ ಈಕ್ಯೂ ವಿಝಾರ್ಡ್, ಲಿಂಪ್ ಮುಂತಾದ ತಂತ್ರಾಂಶಗಳಿವೆ. ಎರಡು ಇನ್‌ಪುಟ್ ಇರುವ ಸೌಂಡ್‌ಕಾರ್ಡ್ ಮತ್ತು ಒಂದು ರೆಸಿಸ್ಟರ್ ಇದ್ದರೆ ಕೆಲವೇ ಸೆಕೆಂಡುಗಳಲ್ಲಿ ಇಂಪೀಡೆನ್ಸ್, ಫೇಸ್ ಎರಡೂ ಗೆರೆಗಳು ಬರುತ್ತವೆ. ಒಂದೇ ಎಚ್ಚರ: ಈಗಿನ ಹಲವು ಸಣ್ಣ ಕ್ಲಾಸ್-ಡಿ ಆಂಪುಗಳು ಬ್ರಿಡ್ಜ್ ಮಾದರಿಯವು. ಅವುಗಳ ಮೈನಸ್ ತುದಿ ಗ್ರೌಂಡ್ ಅಲ್ಲ, ಅಲ್ಲೂ ಸಿಗ್ನಲ್ ಇರುತ್ತದೆ. ಅದನ್ನು ಸೌಂಡ್‌ಕಾರ್ಡಿನ ಗ್ರೌಂಡಿಗೆ ಸೇರಿಸಿದರೆ ಆಂಪ್, ಕಾರ್ಡ್ ಎರಡರಲ್ಲಿ ಒಂದು ಹೋಗುವ ಸಾಧ್ಯತೆ ದಟ್ಟ. ಬ್ರಿಡ್ಜ್ ಹೌದೋ ಅಲ್ಲವೋ ತಿಳಿಯದಿದ್ದರೆ ಆಂಪೇ ಬೇಡ. ಕಾರ್ಡಿನ ಹೆಡ್‌ಫೋನ್ ತುದಿಯಿಂದ 100 ಓಮ್ ರೆಸಿಸ್ಟರ್ ಮೂಲಕ ಅಳೆಯಿರಿ.

ಹಂತ 4: ಬೆಟ್ಟದಿಂದ ಪೆಟ್ಟಿಗೆಗೆ

ಎಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ ಆಸ್ಟ್ರೇಲಿಯಾದಲ್ಲಿ, ಅವರ ಬೆನ್ನಿಗೆ ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲ ವರ್ಷಗಳಲ್ಲಿ ಪೆಟ್ಟಿಗೆಯ ಲೆಕ್ಕವನ್ನು ಊಹೆಯ ಕೈಯಿಂದ ಬಿಡಿಸಿದರು. ಅವರ ಹೆಸರಿನ ಥೀಲ್–ಸ್ಮಾಲ್ ಅಂಕಿಗಳಲ್ಲಿ ಮುಖ್ಯವಾದವು ನೀವು ಈಗಷ್ಟೇ ಬರೆದ ಬೆಟ್ಟದಲ್ಲೇ ಅಡಗಿವೆ.

ತುದಿಯ ಇಂಪೀಡೆನ್ಸನ್ನು ಡಿಸಿ ರೆಸಿಸ್ಟೆನ್ಸಿನಿಂದ ಭಾಗಿಸಿ: 38 ÷ 5.8 = 6.55. ಅದರ ವರ್ಗಮೂಲ 2.56. ಇದನ್ನು 5.8ರಿಂದ ಗುಣಿಸಿದರೆ 14.8 ಓಮ್. ಈಗ ಬೆಟ್ಟದ ಎಡ ಬಲ ಇಳಿಜಾರುಗಳಲ್ಲಿ ಗೆರೆ ಎಲ್ಲಿ 14.8 ಮುಟ್ಟುತ್ತದೆ ಹುಡುಕಿ. ನಮ್ಮ ಉದಾಹರಣೆಯಲ್ಲಿ 27 ಮತ್ತು 65 ಹರ್ಟ್ಸ್ ಎನ್ನೋಣ. ಇವೆರಡರ ಗುಣಲಬ್ಧದ ವರ್ಗಮೂಲ ಅನುರಣನ ಫ್ರೀಕ್ವೆನ್ಸಿಯೇ ಆಗಬೇಕು. 27 × 65ರ ವರ್ಗಮೂಲ 41.9, ಸರಿಹೋಯಿತು. ಸರಿಹೋಗದಿದ್ದರೆ ಅಳತೆ ತಪ್ಪಿದೆ, ಮುಂದೆ ಹೋಗಬೇಡಿ.

ಯಾಂತ್ರಿಕ ಕ್ಯೂ = 42 × 2.56 ÷ (65 − 27) = 2.83. ವಿದ್ಯುತ್ ಕ್ಯೂ = 2.83 ÷ (6.55 − 1) = 0.51. ಎರಡರ ಗುಣಲಬ್ಧವನ್ನು ಮೊತ್ತದಿಂದ ಭಾಗಿಸಿದರೆ ಒಟ್ಟು ಕ್ಯೂ 0.43. ಕ್ಯೂ ಎಂದರೆ ಕೋನ್ ತಾನಾಗಿ ಆಡುವುದನ್ನು ಎಷ್ಟು ಬೇಗ ನಿಲ್ಲಿಸುತ್ತದೆ ಎಂಬುದರ ಅಳತೆ, ಕಡಿಮೆಯಿದ್ದಷ್ಟೂ ಬಿಗಿ. ಯಾವುದೇ ಪೆಟ್ಟಿಗೆ ಲೆಕ್ಕದ ತಂತ್ರಾಂಶ ಮೊದಲು ಕೇಳುವುದು ಇದನ್ನೇ. ಡೇಟಾಶೀಟ್ ಕೊಡುವ ಅಂಕಿಗಿಂತ ನಿಮ್ಮ ಕೈಯಲ್ಲಿರುವ ಡ್ರೈವರಿನ ಅಂಕಿ ಮೇಲು.

ವೂಫರನ್ನು ಪೆಟ್ಟಿಗೆಗೆ ಕೂರಿಸಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಮುಚ್ಚಿದ ಪೆಟ್ಟಿಗೆಯಾದರೆ ಬೆಟ್ಟ ಒಂದೇ, ಆದರೆ ಬಲಕ್ಕೆ ಸರಿದಿರುತ್ತದೆ. ಗಾಳಿಕೊಳವೆ ಇರುವ ಪೆಟ್ಟಿಗೆಯಾದರೆ ಬೆಟ್ಟ ಸೀಳಿ ಎರಡಾಗುತ್ತದೆ. ನಡುವಿನ ತಗ್ಗೇ ಕೊಳವೆಯ ಟ್ಯೂನಿಂಗ್ ಫ್ರೀಕ್ವೆನ್ಸಿ. 45 ಹರ್ಟ್ಸ್‌ಗೆ ಎಂದು ಕೊಳವೆ ಕತ್ತರಿಸಿದ್ದು ತಗ್ಗು 50ಕ್ಕೆ ಬಂದಿದ್ದರೆ ಕೊಳವೆ ಗಿಡ್ಡವಾಗಿದೆ. ಆದ್ದರಿಂದ ಮೊದಲು ಉದ್ದವಾಗಿಯೇ ಇಟ್ಟು ಅಳೆದು, ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಕತ್ತರಿಸಿದ್ದು ಮತ್ತೆ ಅಂಟುವುದಿಲ್ಲ.

ಗೆರೆ ನಯವಾಗಿ ಹೋಗುತ್ತಾ 200 ರಿಂದ 800 ಹರ್ಟ್ಸ್ ನಡುವೆ ಎಲ್ಲಾದರೂ ಸಣ್ಣ ಸುಕ್ಕು ಕಂಡರೆ ಅದು ಪೆಟ್ಟಿಗೆಯ ದೂರು. ಒಂದೋ ಒಳಗೆ ಗಾಳಿಯ ಅಲೆ ಎರಡು ಗೋಡೆಗಳ ನಡುವೆ ನಿಂತುಬಿಟ್ಟಿದೆ, ಇಲ್ಲವೇ ಹಲಗೆಯೇ ನಡುಗುತ್ತಿದೆ. ಒಳಗಿನ ಎತ್ತರ 80 ಸೆಂಟಿಮೀಟರ್ ಇದ್ದರೆ ಮೊದಲ ನಿಂತ ಅಲೆ 214 ಹರ್ಟ್ಸ್ ಹತ್ತಿರ ಬೀಳುತ್ತದೆ. ಸುಕ್ಕು ಅಲ್ಲೇ ಇದ್ದರೆ ತುಂಬುಹತ್ತಿ ಹೆಚ್ಚಿಸಿ, ಬೇರೆಲ್ಲೋ ಇದ್ದರೆ ಹಲಗೆಗೆ ಅಡ್ಡಪಟ್ಟಿ ಕೊಡಿ. ಕಿವಿಗೆ ಇನ್ನೂ ಗೊತ್ತಾಗದ ದೋಷ ಈ ಗೆರೆಗೆ ಮೊದಲೇ ಗೊತ್ತಾಗಿರುತ್ತದೆ.

ಹಂತ 5: ಕ್ರಾಸ್‌ಓವರ್, ಎಲ್ಲರೂ ಜಾರುವ ಜಾಗ

ಮೊದಲು ಆ ಎರಡನೆಯ ಪ್ರಶ್ನೆ. ವೂಫರ್ ಟ್ವೀಟರ್ ಎರಡೂ 8 ಓಮ್, ಎರಡೂ ಆಂಪಿಗೆ ಸಮಾಂತರವಾಗಿ ಸೇರಿವೆ, ಆದರೂ ಒಟ್ಟು 4 ಓಮ್ ಏಕೆ ಆಗುವುದಿಲ್ಲ? ವೂಫರಿನ ದಾರಿಯಲ್ಲಿ ಒಂದು ಕಾಯಿಲ್ ಇದೆ, ಅದು ಮೇಲಿನ ಸ್ವರಗಳಿಗೆ ಬಾಗಿಲು ಮುಚ್ಚುತ್ತದೆ. ಟ್ವೀಟರಿನ ದಾರಿಯಲ್ಲಿ ಕೆಪಾಸಿಟರ್ ಇದೆ, ಅದು ಕೆಳಗಿನ ಸ್ವರಗಳಿಗೆ ಮುಚ್ಚುತ್ತದೆ. ಯಾವುದೇ ಒಂದು ಫ್ರೀಕ್ವೆನ್ಸಿಯಲ್ಲಿ ಆಂಪಿಗೆ ಮುಖ್ಯವಾಗಿ ಕಾಣುವುದು ಒಂದೇ ಡ್ರೈವರ್. ಹಾಗಾಗಿ ಒಟ್ಟು 8ರ ಆಸುಪಾಸಿನಲ್ಲೇ ಉಳಿಯುತ್ತದೆ.

ಇನ್ನು ಸೂತ್ರದ ವಿಷಯ. ಪುಸ್ತಕದ ಸೂತ್ರಗಳು ಡ್ರೈವರ್ ಎಂದರೆ 8 ಓಮಿನ ರೆಸಿಸ್ಟರ್ ಎಂದು ನಂಬಿಕೊಂಡು ಬರೆದವು. 2,500 ಹರ್ಟ್ಸ್‌ಗೆ ವೂಫರನ್ನು ಕತ್ತರಿಸಲು ಅವು 0.51 ಮಿಲಿಹೆನ್ರಿ ಕಾಯಿಲ್ ಹಾಕಿ ಎನ್ನುತ್ತವೆ. 10,000 ಹರ್ಟ್ಸ್ ಹೊತ್ತಿಗೆ ದನಿಯ ಮಟ್ಟ 12 ಡೆಸಿಬೆಲ್ ಇಳಿಯಬೇಕು. ಆದರೆ ನಮ್ಮ ವೂಫರಿನ ವಾಯ್ಸ್ ಕಾಯಿಲ್‌ನಲ್ಲೇ 0.5 ಮಿಲಿಹೆನ್ರಿ ಇದೆ ಎಂದುಕೊಳ್ಳಿ. ಒಂದು ಸುರುಳಿಯ ಮುಂದೆ ಅಷ್ಟೇ ದೊಡ್ಡ ಇನ್ನೊಂದು ಸುರುಳಿ ಇಟ್ಟಂತಾಯಿತು. ಎರಡೂ ಒಟ್ಟಿಗೆ ಏರುತ್ತವೆ, ವೋಲ್ಟೇಜ್ ಅರ್ಧರ್ಧ ಹಂಚಿಹೋಗುತ್ತದೆ. ಇಳಿತ 6 ಡೆಸಿಬೆಲ್ ಹತ್ತಿರ ಬಂದು ಅಲ್ಲೇ ನಿಂತುಬಿಡುತ್ತದೆ. ಎಷ್ಟು ಮೇಲೆ ಹೋದರೂ ಅಷ್ಟೇ. ಕೋನ್ ಮೇಲಿನ ಸ್ವರಗಳಲ್ಲಿ ಒಡಕಾಗಿ ಕೂಗುತ್ತಲೇ ಇರುತ್ತದೆ. ನೀವು ಹೇಳಿದ ‘ಚುಚ್ಚುವ ದನಿ’ ಬಹಳ ಸಲ ಇದೇ.

ಪರಿಹಾರಕ್ಕೆ ಝೋಬೆಲ್ ಜಾಲ ಎನ್ನುತ್ತಾರೆ, ಬೆಲ್ ಲ್ಯಾಬ್ಸ್‌ನ ಆಟೊ ಝೋಬೆಲ್ ಹೆಸರಿನಲ್ಲಿ. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸಾಲಾಗಿ ಸೇರಿಸಿ, ಆ ಜೋಡಿಯನ್ನು ವೂಫರಿನ ಎರಡು ತುದಿಗಳಿಗೆ ಅಡ್ಡಲಾಗಿ ಹಾಕುವುದು. ರೆಸಿಸ್ಟರ್ = ಡಿಸಿ ರೆಸಿಸ್ಟೆನ್ಸಿನ 1.25 ಪಟ್ಟು, ಅಂದರೆ 7.25, ಸಿಗುವುದು 7.5. ಕೆಪಾಸಿಟರ್ = ವಾಯ್ಸ್ ಕಾಯಿಲ್ ಇಂಡಕ್ಟೆನ್ಸ್ ÷ ರೆಸಿಸ್ಟರಿನ ವರ್ಗ, ಅಂದರೆ 9.5 ಮೈಕ್ರೋಫ್ಯಾರಡ್, ಸಿಗುವುದು 10. ಹಾಕಿ ಮತ್ತೆ ಅಳೆಯಿರಿ. ಬಲಗಡೆಯ ಏರು ಚಪ್ಪಟೆಯಾಗಿ 7 ಓಮಿನ ಸುತ್ತ ಮಲಗಿರಬೇಕು. ಈಗ ಅದೇ 0.51 ಮಿಲಿಹೆನ್ರಿ ಕಾಯಿಲ್ 10,000 ಹರ್ಟ್ಸ್‌ನಲ್ಲಿ 13 ಡೆಸಿಬೆಲ್ ಇಳಿಸುತ್ತದೆ. ಸೂತ್ರ 1.25 ಪಟ್ಟು ಎನ್ನುವುದು ಆರಂಭಕ್ಕೆ ಮಾತ್ರ. ನಿಜವಾದ ವಾಯ್ಸ್ ಕಾಯಿಲ್ ಆದರ್ಶ ಸುರುಳಿಯಲ್ಲ, ಕೆಪಾಸಿಟರನ್ನು ಒಂದೆರಡು ಮೈಕ್ರೋಫ್ಯಾರಡ್ ಆಚೀಚೆ ಮಾಡಿ ನೋಡಬೇಕಾಗುತ್ತದೆ.

ಟ್ವೀಟರಿನಲ್ಲಿ ಕಾಟ ಬೇರೆ ತುದಿಯದು. ಅದರ ಅನುರಣನ ಬೆಟ್ಟ 1,000 ಹರ್ಟ್ಸ್‌ನಲ್ಲಿದ್ದು 20 ಓಮ್ ಎತ್ತರವಿದೆ ಎನ್ನೋಣ. 3,000 ಹರ್ಟ್ಸ್‌ಗೆಂದು 6.6 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದೇ ಹಾಕಿದ್ದೀರಿ. 1,000 ಹರ್ಟ್ಸ್‌ನಲ್ಲಿ 10 ಡೆಸಿಬೆಲ್ ಇಳಿತ ಸಿಗುತ್ತದೆ ಎಂದು ಸೂತ್ರ. ಬೆಟ್ಟದಿಂದಾಗಿ ಸಿಗುವುದು ನಾಲ್ಕೇ. ಟ್ವೀಟರಿಗೆ ಎಲ್ಲಿ ಅತಿ ಹೆಚ್ಚು ರಕ್ಷಣೆ ಬೇಕೋ ಅಲ್ಲೇ ಬೇಲಿ ಮುರಿದಿದೆ. ಕ್ರಾಸ್‌ಓವರನ್ನು ಟ್ವೀಟರಿನ ಅನುರಣನದ ಎರಡು ಪಟ್ಟಿಗಿಂತ ಮೇಲೆ ಇಡಿ, ಒಂದೇ ಕೆಪಾಸಿಟರಿನ ಬದಲು ಕಡಿದಾದ ಫಿಲ್ಟರ್ ಬಳಸಿ. ಫೆರೋಫ್ಲೂಯಿಡ್, ಅಂದರೆ ಕಾಯಿಲ್ ಸಂದಿನಲ್ಲಿ ಕಾಂತದ್ರವ ತುಂಬಿದ ಟ್ವೀಟರುಗಳಲ್ಲಿ ಬೆಟ್ಟ ತಗ್ಗಾಗಿರುತ್ತದೆ. ಹೊಸಬರಿಗೆ ನಾನು ಹೇಳುವುದು ಅವನ್ನೇ.

ಟ್ವೀಟರ್ ದನಿ ಜೋರಾಯಿತೆಂದು ಮುಂದೆ ಬರೀ ಒಂದು ರೆಸಿಸ್ಟರ್ ತುರುಕುವವರಿದ್ದಾರೆ. ಆಗ ಕೆಪಾಸಿಟರಿಗೆ ಕಾಣುವ ಇಂಪೀಡೆನ್ಸ್ ಬದಲಾಗಿ ಕ್ರಾಸ್‌ಓವರ್ ಫ್ರೀಕ್ವೆನ್ಸಿಯೇ ಕೆಳಗೆ ಜಾರುತ್ತದೆ. ಎರಡು ರೆಸಿಸ್ಟರಿನ ಎಲ್-ಪ್ಯಾಡ್ ಹಾಕಿ: 8 ಓಮಿನ ಟ್ವೀಟರಿಗೆ 6 ಡೆಸಿಬೆಲ್ ತಗ್ಗಿಸಲು ಟ್ವೀಟರಿಗೆ ಅಡ್ಡಲಾಗಿ 8 ಓಮ್, ಸಾಲಿನಲ್ಲಿ 4 ಓಮ್. ಹೊರಗಿನಿಂದ ನೋಡಿದರೆ ಅದು ಆಗಲೂ 8 ಓಮೇ.

ಈ ಹಂತದ ದೊಡ್ಡ ಅಪಾಯ ಇನ್ನೊಂದಿದೆ. ಎರಡನೇ ದರ್ಜೆಯ ಫಿಲ್ಟರಿನಲ್ಲಿ ವೂಫರಿನ ಮುಂದೆ ಕಾಯಿಲ್, ವೂಫರಿಗೆ ಅಡ್ಡಲಾಗಿ ಕೆಪಾಸಿಟರ್ ಇರುತ್ತವೆ; ಉದಾಹರಣೆಗೆ 0.72 ಮಿಲಿಹೆನ್ರಿ, 5.6 ಮೈಕ್ರೋಫ್ಯಾರಡ್. ಈಗ ವೂಫರಿನ ವೈರ್ ಬಿಚ್ಚಿ ಟ್ವೀಟರ್ ಒಂದನ್ನೇ ಕೇಳೋಣ ಎಂದುಕೊಂಡಿರಿ. ಕಾಯಿಲ್, ಕೆಪಾಸಿಟರ್ ಎರಡೂ ಸಾಲಾಗಿ ಆಂಪಿನ ಪ್ಲಸ್‌ನಿಂದ ಮೈನಸ್‌ಗೆ ನೇರ ಸೇರಿಕೊಂಡವು. 2,500 ಹರ್ಟ್ಸ್‌ನಲ್ಲಿ ಒಂದರ ತಡೆಯನ್ನು ಇನ್ನೊಂದು ಅಳಿಸಿಹಾಕುತ್ತದೆ. ಉಳಿಯುವುದು ಕಾಯಿಲ್ ತಂತಿಯ 0.4 ಓಮೋ ಏನೋ. ಶಾರ್ಟ್ ಸರ್ಕ್ಯೂಟೇ ಸರಿ. ನಾನು ಒಂದು ಆಂಪನ್ನು ಹೀಗೇ ಕಳೆದುಕೊಂಡೆ, ಹಾಡು ನಾಲ್ಕು ಸಾಲೂ ದಾಟಿರಲಿಲ್ಲ. ಟ್ವೀಟರ್ ಒಂದನ್ನೇ ಕೇಳಬೇಕಾದರೆ ವೂಫರನ್ನು ಮಾತ್ರವಲ್ಲ, ವೂಫರಿನ ಇಡೀ ಫಿಲ್ಟರನ್ನೇ ಆಂಪಿನಿಂದ ಬಿಡಿಸಿ.

ಹಂತ 6: ಎರಡು ವೂಫರ್ ಹಾಕುವುದಾದರೆ

ಒಂದೇ ಫ್ರೀಕ್ವೆನ್ಸಿ ವ್ಯಾಪ್ತಿಯಲ್ಲಿ ಎರಡು ಡ್ರೈವರ್ ದುಡಿಯುವಾಗ ಮಾತ್ರ ಶಾಲೆಯ ಲೆಕ್ಕ ಅನ್ವಯಿಸುತ್ತದೆ. ಎರಡು 8 ಓಮ್ ಸಮಾಂತರ 4, ಸರಣಿಯಲ್ಲಿ 16. ನಾಲ್ಕನ್ನು ಎರಡೆರಡು ಸರಣಿ ಮಾಡಿ ಆ ಜೋಡಿಗಳನ್ನು ಸಮಾಂತರಗೊಳಿಸಿದರೆ ಮತ್ತೆ 8. ಎರಡು 4 ಓಮ್ ಸಮಾಂತರ ಮಾಡಿದರೆ 2, ಮನೆಯ ಬಹುತೇಕ ಆಂಪುಗಳು ಅದನ್ನು ತಾಳವು.

ಸಮಾಂತರ ಮಾಡಿದಾಗ ಅದೇ ವಾಲ್ಯೂಮಿಗೆ ದನಿ 6 ಡೆಸಿಬೆಲ್ ಏರುತ್ತದೆ ಎಂದು ಹಿಗ್ಗುವವರುಂಟು. ಅದರಲ್ಲಿ 3 ಮಾತ್ರ ನಿಜವಾದ ಲಾಭ. ಉಳಿದ 3 ಆಂಪ್ ಎರಡು ಪಟ್ಟು ಪವರ್ ಕೊಡುತ್ತಿರುವುದರಿಂದ. ಸೆನ್ಸಿಟಿವಿಟಿ, ಅಂದರೆ ಕೊಟ್ಟ ಸಿಗ್ನಲ್ಲಿಗೆ ಎಷ್ಟು ದನಿ ಬರುತ್ತದೆ ಎಂಬ ಅಂಕಿಗಳನ್ನು ಹೋಲಿಸುವಾಗಲೂ ಇದೇ ಮೋಸ: 2.83 ವೋಲ್ಟ್ ಎಂಬುದು 8 ಓಮಿಗೆ 1 ವ್ಯಾಟ್, 4 ಓಮಿಗೆ 2 ವ್ಯಾಟ್. ಡೇಟಾಶೀಟಿನಲ್ಲಿ ‘2.83 ವೋಲ್ಟಿಗೆ’ ಎಂದಿದೆಯೋ ‘1 ವ್ಯಾಟಿಗೆ’ ಎಂದಿದೆಯೋ ನೋಡಿ.

ಬೇರೆ ಬೇರೆ ಮಾದರಿಯ ಡ್ರೈವರುಗಳನ್ನು ಸರಣಿಯಲ್ಲಿ ಹಾಕಬೇಡಿ. ಒಂದರ ಬೆಟ್ಟ ಇರುವ ಕಡೆ ವೋಲ್ಟೇಜೆಲ್ಲ ಅದೇ ಕಬಳಿಸಿ ಇನ್ನೊಂದು ಉಪವಾಸ ಬೀಳುತ್ತದೆ. 4 ಓಮಿನ ವೂಫರನ್ನು 8 ಮಾಡಲು 4 ಓಮಿನ ರೆಸಿಸ್ಟರ್ ಸೇರಿಸುವುದೂ ಬೇಡ. ಪವರಿನಲ್ಲಿ ಅರ್ಧಕ್ಕೂ ಹೆಚ್ಚು ಶಾಖವಾಗಿ ಹೋಗುತ್ತದೆ, ಜೊತೆಗೆ ವಿದ್ಯುತ್ ಕ್ಯೂ ಎರಡು ಪಟ್ಟು ಮೀರಿ ಬಾಸ್ ಡಬಡಬ ಎನ್ನತೊಡಗುತ್ತದೆ. ಇದೇ ಕಾರಣಕ್ಕೆ ವೂಫರ್ ದಾರಿಯ ಕಾಯಿಲ್ ದಪ್ಪ ತಂತಿಯದಾಗಿರಲಿ.

ಹಂತ 7: ಆಂಪಿಗೆ ಸೇರಿಸುವ ಮೊದಲು

ಪೂರ್ತಿ ಕಟ್ಟಿದ ಪೆಟ್ಟಿಗೆಯ ಹಿಂಬದಿ ತುದಿಗಳಿಗೆ ಮೊದಲು ಓಮ್ ರೇಂಜ್ ಹಿಡಿಯಿರಿ. ವೂಫರಿನ 5.8ಕ್ಕೆ ಕಾಯಿಲ್‌ನ ಅರ್ಧ ಓಮಿನಷ್ಟು ಸೇರಿ 6.2 ಅಥವಾ 6.3 ಕಾಣಬೇಕು. ಸೊನ್ನೆಯ ಹತ್ತಿರ ಇದ್ದರೆ ಎಲ್ಲೋ ಬೆಸುಗೆ ಒಂದಕ್ಕೊಂದು ತಾಗಿದೆ. ಏನೂ ಕಾಣದಿದ್ದರೆ ವೈರ್ ಬಿಟ್ಟಿದೆ. ಆಮೇಲೆ 10 ಓಮ್ ರೆಸಿಸ್ಟರಿನ ಅದೇ ವಿಧಾನದಿಂದ 20 ರಿಂದ 20,000ದವರೆಗೆ ಅಳೆದು ಅತಿ ಕೆಳಗಿನ ಬಿಂದು ಹುಡುಕಿ. ಆ ಬಿಂದುವೇ ನಿಮ್ಮ ಸ್ಪೀಕರಿನ ನಿಜವಾದ ಓಮ್. ಬಿಡಿ ಡ್ರೈವರುಗಳು 6.6ಕ್ಕಿಂತ ಇಳಿಯದಿದ್ದರೂ ಕ್ರಾಸ್‌ಓವರ್ ಸೇರಿದ ಮೇಲೆ ಯಾವುದೋ ಮೂಲೆಯಲ್ಲಿ 4ಕ್ಕೆ ಇಳಿದಿರಬಹುದು. ಇಳಿದಿದ್ದರೆ ಅದನ್ನು 4 ಓಮಿನ ಸ್ಪೀಕರ್ ಎಂದೇ ಭಾವಿಸಿ.

ಆಂಪಿನ ಹಿಂದೆ ‘4 ರಿಂದ 8 ಓಮ್’ ಎಂದಿದ್ದರೆ 4 ಅದರ ಕೆಳಮಿತಿ. ಹೆಚ್ಚು ಓಮಿನ ಸ್ಪೀಕರ್ ಟ್ರಾನ್ಸಿಸ್ಟರ್ ಆಂಪಿಗೆ ಅಪಾಯವಲ್ಲ, ದನಿ ಕಡಿಮೆ ಅಷ್ಟೇ. ಕಡಿಮೆ ಓಮ್ ಅಪಾಯ. ‘ಆಂಪ್ 8, ಸ್ಪೀಕರ್ 8, ಹೊಂದಲೇಬೇಕು’ ಎಂಬ ಮಾತು ವಾಲ್ವ್ ಆಂಪುಗಳ ಕಾಲದ್ದು. ವಾಲ್ವ್ ಆಂಪಿಗೆ 4, 8, 16 ಎಂದು ಬೇರೆ ಬೇರೆ ತುದಿಗಳಿರುತ್ತವೆ, ಅಲ್ಲಿ ಹೊಂದಿಸಬೇಕು. ಸ್ಪೀಕರೇ ಇಲ್ಲದೆ ಅದನ್ನು ನಡೆಸಲೂ ಬಾರದು. ಇನ್ನು ಫೇಸ್. ಇಂಪೀಡೆನ್ಸ್ ತಗ್ಗಿರುವ ಕಡೆಯೇ ಫೇಸೂ ಜೋರಾಗಿದ್ದರೆ, ಅಂದರೆ ಎರಡು ವೋಲ್ಟೇಜುಗಳ ಮೊತ್ತ ಆಂಪ್ ಕೊಟ್ಟದ್ದನ್ನು ಗಣನೀಯವಾಗಿ ಮೀರಿದರೆ, ಆಂಪಿನ ಟ್ರಾನ್ಸಿಸ್ಟರುಗಳು ಲೇಬಲ್ ಸೂಚಿಸುವುದಕ್ಕಿಂತ ಬಹಳ ಹೆಚ್ಚು ಬಿಸಿಯಾಗುತ್ತವೆ.

ವೈರಿನ ಚಿಂತೆ ಹೆಚ್ಚು ಬೇಡ. 1.5 ಚದರ ಮಿಲಿಮೀಟರಿನ ತಾಮ್ರದ ವೈರ್ ಐದು ಮೀಟರ್ ದೂರಕ್ಕೆ ಹೋಗಿಬರುವಾಗ 0.12 ಓಮಿನಷ್ಟೂ ಇಲ್ಲ.

ಎಡ ಬಲ ಎರಡೂ ಪೆಟ್ಟಿಗೆಗಳ ಗೆರೆಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ, ಒಂದರ ಮೇಲೊಂದು ಕೂರಬೇಕು. 300 ಹರ್ಟ್ಸ್‌ಗಿಂತ ಕೆಳಗೆ ಬೇರೆಯಾದರೆ ಒಂದು ಪೆಟ್ಟಿಗೆಯಲ್ಲಿ ಗಾಳಿ ಸೋರುತ್ತಿದೆ, ಅಥವಾ ತುಂಬುಹತ್ತಿ ಹೆಚ್ಚುಕಡಿಮೆಯಾಗಿದೆ. ಮೇಲೆ ಬೇರೆಯಾದರೆ ಕ್ರಾಸ್‌ಓವರಿನಲ್ಲಿ ಒಂದು ಬಿಡಿಭಾಗದ ಬೆಲೆ ತಪ್ಪಿದೆ. ನಾನು ಬಹಳ ಸಲ ಕಂಡದ್ದು 6.8 ಮತ್ತು 8.2ರ ಅದಲುಬದಲು. ಆ ಹಾಳೆಯನ್ನು ಮಡಿಸಿ, ದಿನಾಂಕ ಬರೆದು, ಹಿಂಬದಿಯ ಟರ್ಮಿನಲ್ ತಟ್ಟೆ ಮುಚ್ಚುವ ಮೊದಲು ಒಳಮೈಗೆ ಅಂಟಿಸಿಬಿಡಿ. ಮುಂದೊಂದು ದಿನ ದನಿ ಕೆಟ್ಟಿತೆನಿಸಿ ತಟ್ಟೆ ಬಿಚ್ಚಿದಾಗ ಹೋಲಿಸಿ ನೋಡಲು ಅದು ಅಲ್ಲೇ ಇರುತ್ತದೆ.